ಮೂಸಿಯ ಹರಿವಿಗೆ ಎದುರಾಗಿ

ಕಲಬುರಗಿಯಿಂದ ಹೊರಟ ಬಸ್ಸು ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಬೆಳಕು ಹರಿದಿತ್ತು. ಹಳಬರು ಈಗಲೂ ಇದನ್ನು ಇಮ್ಲಿಬನ್ ಎಂದೇ ಕರೆಯುತ್ತಾರೆ. ಬೀದರ್, ರಾಯಚೂರು, ಯಾದಗಿರಿ ಎಂದು ಕನ್ನಡದಲ್ಲಿ ಫಲಕ ಹೊತ್ತ ಬಸ್ಸುಗಳು ಸಾಲಾಗಿ ನಿಂತಿದ್ದವು. ಗಂಟುಮೂಟೆ ಇಳಿಸುವವರ ನಡುವೆ ನಮ್ಮ ಕಡೆಯ ಮಾತೇ ಹೆಚ್ಚು ಕೇಳುತ್ತಿತ್ತು. ನಿಲ್ದಾಣದ ಅಂಚಿಗೆ ನಡೆದು ಗೋಡೆಯಿಂದ ಆಚೆ ಬಗ್ಗಿ ನೋಡಿದೆ. ಕೆಳಗೆ ಮೂಸಿ ನದಿ ಕಪ್ಪಗೆ, ನೊರೆ ಹೊತ್ತು ಹರಿಯುತ್ತಿತ್ತು. ಇಷ್ಟು ದೊಡ್ಡ ನಿಲ್ದಾಣ ನದಿಯ ದಡದಲ್ಲಿದೆ ಎಂದರೆ ಅರ್ಧ ಮಾತ್ರ ಹೇಳಿದಂತೆ. ಇದು ನಿಂತಿರುವುದು ನದಿಯ ಪಾತ್ರದೊಳಗೇ.

2025ರ ಸೆಪ್ಟೆಂಬರ್ 26ರ ರಾತ್ರಿಯಿಂದ 27ರ ಬೆಳಗಿನ ನಡುವೆ ನದಿ ಈ ಪ್ಲಾಟ್‌ಫಾರಂಗಳಿಗೆ ನುಗ್ಗಿತ್ತು. ನಗರದ ಮೇಲ್ಭಾಗದ ಎರಡು ಜಲಾಶಯಗಳ ಗೇಟುಗಳನ್ನು ತೆರೆದಿದ್ದರು. ಊರಿಗೆ ಹೋಗಲು ಕಾದಿದ್ದ ಜನರನ್ನು ಹಗ್ಗ ಕಟ್ಟಿ ಆಚೆ ದಾಟಿಸಬೇಕಾಯಿತು. ಅಂದು ಬಿಟ್ಟ ನೀರು 35 ಸಾವಿರ ಕ್ಯೂಸೆಕ್ಸ್ ಆಸುಪಾಸು ಎಂದು ವರದಿಯಾಗಿತ್ತು. ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 1908ರ ಸೆಪ್ಟೆಂಬರ್ 28ರಂದು ಇದೇ ನದಿ ಇದೇ ಊರಿನೊಳಗೆ ಹರಿದು ಬಂದಾಗ ಅದರ ಗರಿಷ್ಠ ಹರಿವು ಸುಮಾರು 4,25,000 ಕ್ಯೂಸೆಕ್ಸ್ ಎಂದು ಎಂ. ವಿಶ್ವೇಶ್ವರಯ್ಯನವರು ಲೆಕ್ಕ ಹಾಕಿದ್ದರು. ಅದರ ಹನ್ನೆರಡರಲ್ಲಿ ಒಂದು ಪಾಲು ನೀರು ಬಂದರೂ ಈಗ ರಾಜಧಾನಿಯ ಮುಖ್ಯ ಬಸ್ ನಿಲ್ದಾಣ ಮುಳುಗುತ್ತದೆ.

ನಾನು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಸಲಹಾ ಸಂಸ್ಥೆಯಲ್ಲಿ ಕೆಲಸ ಮಾಡುವವನು. ನದಿಗಳ ಅಡ್ಡಸೀಳು ಅಳೆಯುವುದು, ಮಳೆಯ ದಾಖಲೆ ಕೂಡಿಸುವುದು, ಎಷ್ಟು ನೀರು ಬಂದರೆ ಎಲ್ಲಿಯತನಕ ಏರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ನಕ್ಷೆಯ ಮೇಲೆ ಗೆರೆ ಎಳೆಯುವುದು ನಮ್ಮ ಕಸುಬು. ಆ ಗೆರೆಗೆ ನೆರೆ ಗೆರೆ ಎನ್ನುತ್ತೇವೆ. ಸಾಮಾನ್ಯವಾಗಿ ಎರಡು ಗೆರೆ ಎಳೆಯುತ್ತೇವೆ, 25 ವರ್ಷದ ನೆರೆಯದ್ದು ಒಂದು, 100 ವರ್ಷದ ನೆರೆಯದ್ದು ಇನ್ನೊಂದು. ನೂರು ವರ್ಷದ ನೆರೆ ಎಂದರೆ ನೂರು ವರ್ಷಕ್ಕೊಮ್ಮೆ ಬಂದು ಹೋಗಿ ಮತ್ತೆ ನೂರು ವರ್ಷ ಸುಮ್ಮನಿರುವ ನೆರೆ ಎಂದು ಬಹಳ ಜನ ತಿಳಿದಿದ್ದಾರೆ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು, ಅಷ್ಟೇ ಅದರ ಅರ್ಥ. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಇದನ್ನು ಮನೆ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ನಮ್ಮ ವರದಿಯಲ್ಲಿ ಬರೆದಿರುತ್ತೇವೆ, ಆದರೆ ವರದಿ ಅವರ ಕೈಗೆ ಹೋಗುವುದಿಲ್ಲ.

ನಮ್ಮಲ್ಲಿ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಊರು ಮುಳುಗಿದೆ ಎಂದು ಕರೆ ಬಂದರೆ ಮೊದಲು ಊರಿಗೆ ಹೋಗಬೇಡಿ, ನೀರು ಎಲ್ಲಿಂದ ಹೊರಟಿತೋ ಅಲ್ಲಿಗೆ ಹೋಗಿ ಎನ್ನುತ್ತಿದ್ದರು. ವಿಶ್ವೇಶ್ವರಯ್ಯನವರ ಹೈದರಾಬಾದ್ ಕೆಲಸವನ್ನು ಅವರು ನಮಗೆ ಪಾಠದಂತೆ ಹೇಳಿಕೊಡುತ್ತಿದ್ದರು. ಆ ಪಾಠದ ಜಾಗಗಳನ್ನು ಕಣ್ಣಾರೆ ನೋಡಬೇಕೆಂಬುದು ಬಹುದಿನದ ಆಸೆ. ಹಾಗಾಗಿ ಬಸ್ ನಿಲ್ದಾಣದಿಂದ ನದಿಯ ಹರಿವಿಗೆ ಎದುರಾಗಿ, ಮೇಲಕ್ಕೆ ಹೊರಟೆ.

ಮೊದಲು ಸಿಕ್ಕಿದ್ದು ಉಸ್ಮಾನಿಯಾ ಆಸ್ಪತ್ರೆ. ಅಫ್ಜಲ್‌ಗಂಜ್ ಸೇತುವೆಯ ಪಕ್ಕದಲ್ಲಿ, ನದಿಯ ಉತ್ತರ ದಂಡೆಯ ಮೇಲೆ, ಗುಮ್ಮಟಗಳ ದೊಡ್ಡ ಕಟ್ಟಡ. 2020ರ ಜುಲೈನಲ್ಲಿ ಮಳೆನೀರು, ಚರಂಡಿ ನೀರು ವಾರ್ಡುಗಳಿಗೆ ನುಗ್ಗಿದ ಮೇಲೆ ಹಳೆಯ ಕಟ್ಟಡದಿಂದ ರೋಗಿಗಳನ್ನು ಬೇರೆಡೆಗೆ ಸಾಗಿಸಿದರು. ಆವರಣದಲ್ಲಿ ಒಂದು ಹಳೆಯ ಹುಣಸೆಮರವಿದೆ. 1908ರ ಆ ದಿನ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರೆಂದು ಊರು ನಂಬುತ್ತದೆ. ಪ್ರತಿ ಸೆಪ್ಟೆಂಬರ್ 28ಕ್ಕೆ ಜನ ಇಲ್ಲಿ ಸೇರಿ ಸತ್ತವರನ್ನು ನೆನೆಯುತ್ತಾರೆ. ಸತ್ತವರು ಸುಮಾರು ಹದಿನೈದು ಸಾವಿರ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಕೋಲ್ಸಾವಾಡಿಯಂಥ ಮೊಹಲ್ಲಾಗಳು ಇದ್ದ ಗುರುತೂ ಉಳಿಯದಂತೆ ಕೊಚ್ಚಿಹೋದವು. ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳನ್ನು ಒಂದೇ ದಿನ ಈ ನೀರಿಗೆ ಕಳೆದುಕೊಂಡು ತಾವೊಬ್ಬರೇ ಬದುಕಿದರು.

ಮರದ ಕಟ್ಟೆಯ ಬಳಿ ಒಬ್ಬ ಮುದುಕರು ಬುತ್ತಿ ಬಿಚ್ಚಿ ಕುಳಿತಿದ್ದರು. ರೊಟ್ಟಿ, ಪುಂಡಿಪಲ್ಲೆ. ನಮ್ಮ ಕಡೆಯವರೆಂದು ಕೇಳದೆಯೇ ಗೊತ್ತಾಯಿತು.

“ಎಲ್ಲಿಂದ ಬಂದಿ ತಮ್ಮಾ?”

“ಬೆಂಗಳೂರಿಂದ್ರಿ ಕಾಕಾ. ನಿಮ್ಮದು ಯಾವೂರು?”

“ಸೇಡಂ ಹತ್ರದ ಹಳ್ಳಿ. ಮಗಳಿಗಿ ಆರಾಮಿಲ್ಲ. ನಮ್ಮ ಮುತ್ಯಾನ ಕಾಲದಿಂದ ಇದೇ ದವಾಖಾನಿ.”

ಮಾತು ಹೊಳೆಯ ಕಡೆ ಹೊರಳಿತು. ಇಲ್ಲಿ ನೂರು ವರ್ಷದ ಹಿಂದೆ ಬಂದ ನೀರಿನ ಕತೆ ಅವರಿಗೆ ಗೊತ್ತಿತ್ತು. ತಮ್ಮೂರಿನ ಕಾಗಿಣಾ 2020ರ ಅಕ್ಟೋಬರಿನಲ್ಲಿ ಬಂದದ್ದನ್ನು ಹೇಳಿದರು. “ಹನಮಪ್ಪನ ಗುಡಿ ಪೌಳಿ ತನಕಾ ನೀರ್ ಬಂದಿತ್ತು ನೋಡು. ಅಲ್ಲಿ ತನಕಾ ಹೊಳಿ ಜಾಗ ಅದ, ಮನಿ ಕಟ್ಟಬ್ಯಾಡ್ರಿ ಅಂತ ನಮ್ಮ ಮುತ್ಯಾ ಹೇಳ್ತಿದ್ದ. ಯಾರ್ ಕೇಳ್ತಾರ? ಕಟ್ಟಿದ್ರು. ಎಲ್ಲಾ ಹೋಯ್ತು.”

ನಾವು ಡಿಜಿಪಿಎಸ್ ಉಪಕರಣ ಹೊತ್ತು, ಡ್ರೋನ್ ಹಾರಿಸಿ, ತಿಂಗಳುಗಟ್ಟಲೆ ಲೆಕ್ಕ ಹಾಕಿ ಎಳೆಯುವ ಗೆರೆ ಆ ಮುತ್ಯಾನ ಬಾಯಲ್ಲಿತ್ತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಸರ್ವೆಗೆ ಹೋದಾಗ ನಾವು ಮೊದಲು ಹುಡುಕುವುದು ಇಂಥವರನ್ನೇ. ಗುಡಿಯ ಯಾವ ಮೆಟ್ಟಿಲಿನವರೆಗೆ ಬಂದಿತ್ತು, ಶಾಲೆಯ ಗೋಡೆಯಲ್ಲಿ ಕೆಸರಿನ ಗುರುತು ಎಲ್ಲಿತ್ತು ಎಂದು ಕೇಳಿ, ಆ ಎತ್ತರವನ್ನು ಅಳೆದು, ಕಂಪ್ಯೂಟರಿನ ಲೆಕ್ಕ ಅದಕ್ಕೆ ಹೊಂದುತ್ತದೆಯೇ ನೋಡುತ್ತೇವೆ. ಹೊಂದದಿದ್ದರೆ ತಿದ್ದಬೇಕಾದ್ದು ನಮ್ಮ ಲೆಕ್ಕವನ್ನು.

ಆಸ್ಪತ್ರೆಯ ಎದುರು ದಂಡೆಯಲ್ಲಿ ಹೈಕೋರ್ಟಿನ ಕೆಂಪು ಕಟ್ಟಡವಿದೆ. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿದ ಮೇಲೆ ದಂಡೆಗೆ ಗೋಡೆ ಕಟ್ಟಿ, ತೋಟ ಮಾಡಿ, ದೊಡ್ಡ ಸಾರ್ವಜನಿಕ ಕಟ್ಟಡಗಳನ್ನು ಎಬ್ಬಿಸಿದ ಕಾಲದ್ದು ಇವೆಲ್ಲ. ಇನ್ನಷ್ಟು ಮೇಲಕ್ಕೆ ನಡೆದರೆ ಪುರಾನಾ ಪೂಲ್. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿದ ಸೇತುವೆ. 1908ರಲ್ಲಿ ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಪೆಟ್ಟು ತಿಂದು ಕೆಟ್ಟವು, ಇದು ನಿಂತಿತು. ಈಗ ಅದರ ಮೇಲೆ ತರಕಾರಿ ಮಾರುತ್ತಾರೆ. ಕಮಾನುಗಳ ಕೆಳಗೆ ನಿಂತು ನೋಡಿದರೆ ನದಿ ಒಂದೆರಡು ಕಮಾನಿನೊಳಗೆ ಮುದುಡಿಕೊಂಡು ಹರಿಯುತ್ತದೆ, ಉಳಿದವು ಒಣಗಿವೆ. ನಾನೂರೈವತ್ತು ವರ್ಷದ ಹಿಂದೆ ಕಟ್ಟಿದವರು ನದಿ ವರ್ಷವಿಡೀ ಹರಿಯುವ ಅಗಲಕ್ಕೆ ಸೇತುವೆ ಕಟ್ಟಲಿಲ್ಲ, ಅದು ತುಂಬಿ ಬಂದಾಗ ಹಿಡಿಯುವ ಅಗಲಕ್ಕೆ ಕಟ್ಟಿದರು.

ಇಲ್ಲಿಂದ ಮುಂದೆ ದಂಡೆಯ ಮೇಲೆ ಮನೆಗಳು. ಕೆಳಗಡೆ ಚಾದರ್‌ಘಾಟ್ ಸುತ್ತಲಿನ ಬಸ್ತಿಗಳಲ್ಲಿ 2024ರಲ್ಲಿ ನಡೆದದ್ದನ್ನು ಇಲ್ಲಿನವರು ಮರೆತಿಲ್ಲ. ಮೂಸಿ ದಂಡೆ ಅಭಿವೃದ್ಧಿ ಯೋಜನೆಗೆಂದು ಅಧಿಕಾರಿಗಳು ಬಂದು ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ‘ಆರ್‌ಬಿ-ಎಕ್ಸ್’ ಎಂದು ಬರೆದು ಹೋದರು. ನದೀಪಾತ್ರದೊಳಗಿನ ಮನೆ ಎಂಬ ಗುರುತು. ಹಲವರು ಸರ್ಕಾರ ಕೊಟ್ಟ ಎರಡು ಕೋಣೆಯ ಮನೆಗಳಿಗೆ ಹೋದರು, ಹಲವರು ಕೂಲಿ, ಶಾಲೆ, ನೆಂಟರನ್ನು ಬಿಟ್ಟು ಅಷ್ಟು ದೂರ ಹೋಗಲಾರೆವೆಂದು ಅತ್ತರು. ಆ ಮನೆಗಳು ಅಲ್ಲಿ ಇರಬಾರದಿತ್ತು ಎಂದು ನನ್ನ ಕಸುಬು ಹೇಳುತ್ತದೆ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಣ್ಣದ ಡಬ್ಬಿ ಹಿಡಿದ ಕೈ ಯಾವ ಗೋಡೆಯಿಂದ ಶುರುಮಾಡುತ್ತದೆ ಎಂಬುದನ್ನೂ ನೋಡಬೇಕು. ಬಸ್ ನಿಲ್ದಾಣವೂ ನದೀಪಾತ್ರದಲ್ಲೇ ಇದೆ. ಹತ್ತಡಿ ಅಗಲದ ಮನೆಯವರಿಗೆ ನದಿಯ ಜಾಗದ ನಿಯಮ ಮೊದಲು ಬರುವುದು, ದೊಡ್ಡ ಕಟ್ಟಡಗಳಿಗೆ ಕೊನೆಗೆ ಬರುವುದು ಅಥವಾ ಬರದೇ ಹೋಗುವುದು ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಕಂಡದ್ದು. ಒಂದು ಊರಿನಲ್ಲಿ ನಾವು ಎಳೆದ ಗೆರೆಯನ್ನು ಕೆಲಸ ಕೊಟ್ಟವರು ನಕ್ಷೆಯ ಒಂದೇ ಒಂದು ತಿರುವಿನಲ್ಲಿ ಒಳಕ್ಕೆ ಸರಿಸಲು ಕೇಳಿದರು. ನಾವು ಒಪ್ಪಲಿಲ್ಲ. ಆ ವರದಿ ಇಂದಿಗೂ ಅಂಗೀಕಾರವಾಗಿಲ್ಲ.

ಲಂಗರ್ ಹೌಸ್ ಬಳಿ ಬಾಪೂ ಘಾಟ್. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಬಿಟ್ಟದ್ದು ಇಲ್ಲೇ. ಮೂಸಿಗೆ ಈಸಿ ನದಿ ಸೇರುವ ಸಂಗಮವಿದು. 1908ರ ನೆರೆಯನ್ನು ತಿಳಿಯಬೇಕಾದರೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡು ನದಿ, ಎರಡು ಜಲಾನಯನ, ಎರಡರ ಮೇಲೂ ಒಂದೇ ಹೊತ್ತಿಗೆ ಸುರಿದ ಮಳೆ. ಶಂಶಾಬಾದಿನ ಮಳೆಮಾಪಕದಲ್ಲಿ 24 ಗಂಟೆಗೆ 12.8 ಅಂಗುಲ, ಎಂದರೆ ಸುಮಾರು 32 ಸೆಂಟಿಮೀಟರ್ ದಾಖಲಾಗಿತ್ತು.

ಆ ದುರಂತದ ಸುದ್ದಿ ಬಂದಾಗ ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರ ಅವರನ್ನು ಸಲಹಾ ಎಂಜಿನಿಯರಾಗಿ ಕರೆಸಿಕೊಂಡಿತು. 1909ರ ಏಪ್ರಿಲ್‌ನಲ್ಲಿ ಬಂದವರು ಅಕ್ಟೋಬರ್ ಹೊತ್ತಿಗೆ ವರದಿ ಕೊಟ್ಟರು. ಅದಾದ ಮರುತಿಂಗಳೇ ಮೈಸೂರಿನ ಚೀಫ್ ಎಂಜಿನಿಯರ್ ಹುದ್ದೆ. ನಾವು ಕನ್ನಡಿಗರು ಕನ್ನಂಬಾಡಿಯಿಂದ ಅವರ ಕತೆ ಶುರುಮಾಡುತ್ತೇವೆ. ಅದರ ಹಿಂದಿನ ಈ ಆರು ತಿಂಗಳು ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ, ಮತ್ತು ನನ್ನ ಮಟ್ಟಿಗೆ ಅವರ ಅತ್ಯಂತ ದೊಡ್ಡ ಕೆಲಸಗಳಲ್ಲಿ ಇದೊಂದು.

ಯಾಕೆಂದರೆ ಊರು ಮುಳುಗಿದಾಗ ಯಾರೇ ಆದರೂ ಮೊದಲು ಯೋಚಿಸುವುದು ಊರಿನ ಗೋಡೆಯನ್ನು. ದಂಡೆ ಎತ್ತರಿಸೋಣ, ಹೂಳು ತೆಗೆಯೋಣ, ನದಿಯನ್ನು ನೇರ ಮಾಡೋಣ. ಅವರು ಊರು ಬಿಟ್ಟು ಮೇಲಕ್ಕೆ ಹೋದರು. ಸುತ್ತಲಿನ ಪ್ರಾಂತಗಳ ಮಳೆ ದಾಖಲೆ ತರಿಸಿ ಹೋಲಿಸಿದರು. ಜಲಾನಯನದ ಕೆರೆಗಳನ್ನು ಎಣಿಸಿದರು. ನಗರದ ಮೇಲಿನ 862 ಚದರ ಮೈಲಿಯಲ್ಲಿ 788 ಕೆರೆ. ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳ ಏರಿ ಆ ಮಳೆಗೆ ಒಡೆದಿತ್ತು. ಕೆರೆಗಳು ಸರಪಳಿಯಲ್ಲಿರುವ ನಾಡಿನಲ್ಲಿ ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ಮಳೆನೀರು ತಾನಾಗಿ ಹರಿದು ಬರಲು ತೆಗೆದುಕೊಳ್ಳುವ ಸಮಯ ಅಲ್ಲಿ ಇಲ್ಲವಾಗುತ್ತದೆ. ಊರಿಗೆ ಬಂದದ್ದು ಮಳೆಯ ನೀರಷ್ಟೇ ಆಗಿರಲಿಲ್ಲ, ಒಡೆದ ನೂರಾರು ಕೆರೆಗಳ ನೀರೂ ಅದರ ಬೆನ್ನಿಗಿತ್ತು.

ಅವರು ಹೇಳಿದ ಪರಿಹಾರ ಸರಳ. ನಗರದ ಮೇಲ್ಭಾಗದಲ್ಲಿ, ಮೂಸಿಗೆ ಒಂದು, ಈಸಿಗೆ ಒಂದು ಅಣೆಕಟ್ಟು. ನೆರೆಯ ನೀರನ್ನು ಅಲ್ಲಿ ತಡೆದು, ನದಿ ಊರೊಳಗೆ ಸುರಕ್ಷಿತವಾಗಿ ಹೊತ್ತೊಯ್ಯಬಲ್ಲಷ್ಟನ್ನೇ ಬಿಡಬೇಕು. ಜೊತೆಗೆ ಊರೊಳಗೆ ದಂಡೆ ಸರಿಪಡಿಸಬೇಕು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ಎರಡನೆಯದನ್ನು ಕಟ್ಟಿಸಿದವರು ನಿಜಾಮರ ಚೀಫ್ ಎಂಜಿನಿಯರ್ ಅಲಿ ನವಾಜ್ ಜಂಗ್. ಅವರ ಹೆಸರನ್ನೂ ವಿಶ್ವೇಶ್ವರಯ್ಯನವರ ಜೊತೆಗೆ ನೆನೆಯಬೇಕಾದ್ದು ನ್ಯಾಯ.

ಹಿಮಾಯತ್ ಸಾಗರದ ಏರಿಯ ಮೇಲೆ ಮಧ್ಯಾಹ್ನದ ಗಾಳಿ ಜೋರಾಗಿತ್ತು. ಪಕ್ಕದಲ್ಲೇ ಹೊರವರ್ತುಲ ರಸ್ತೆ, ಕಾರುಗಳ ಭರಾಟೆ. ಕಲ್ಲುಕಟ್ಟಡದ ಅಣೆ ನೂರು ವರ್ಷದ ಹತ್ತಿರ ಬಂದರೂ ಗಟ್ಟಿಯಾಗಿದೆ. ಗೇಟುಗಳು ಹದಿನೇಳು. ಅಲ್ಲಿದ್ದ ಲಸ್ಕರ್ ಒಬ್ಬರು ದಖನಿ ಉರ್ದುವಿನಲ್ಲಿ ಮಾತಿಗೆ ಬಂದರು. ಅವರ ತಂದೆಯೂ ಇಲ್ಲೇ ಗೇಟು ತಿರುಗಿಸುತ್ತಿದ್ದರಂತೆ. “ಬೇಸಿಗೆಯಲ್ಲಿ ಎಲ್ಲರೂ ತುಂಬಿಸಿ ಇಡಿ ಅಂತಾರೆ ಸಾಬ್, ಮಳೆಗಾಲದಲ್ಲಿ ಎಲ್ಲರೂ ಖಾಲಿ ಇಡಿ ಅಂತಾರೆ. ಯಾವಾಗ ತುಂಬಿರಬೇಕು, ಯಾವಾಗ ಖಾಲಿ ಇರಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ.”

ನೆರೆ ತಡೆಯುವ ಜಲಾಶಯದ ಬೆಲೆ ಇರುವುದು ಅದರ ಖಾಲಿ ಜಾಗದಲ್ಲಿ. ಕುಡಿಯುವ ನೀರಿನ ಜಲಾಶಯದ ಬೆಲೆ ಇರುವುದು ತುಂಬಿದ ಜಾಗದಲ್ಲಿ. ಎರಡೂ ಕೆಲಸವನ್ನು ಒಂದೇ ಕೆರೆಗೆ ಹೊರಿಸಿದಾಗ ಪ್ರತಿ ತಿಂಗಳೂ ಮಟ್ಟ ಎಷ್ಟಿರಬೇಕು ಎಂದು ಮೊದಲೇ ಬರೆದಿಟ್ಟ ನಿಯಮ ಬೇಕು. ಅದಕ್ಕೆ ನಮ್ಮಲ್ಲಿ ರೂಲ್ ಕರ್ವ್ ಎನ್ನುತ್ತಾರೆ. ಮುಂಗಾರು ಮುಗಿಯುತ್ತಾ ಬಂದಾಗ ಕೆರೆ ತುಂಬಿದ್ದರೆ ಎಲ್ಲರಿಗೂ ಖುಷಿ, ಬಾಗಿನ ಬಿಡುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಆದರೆ ಈ ಭಾಗದ ದೊಡ್ಡ ಮಳೆಗಳು ಹಲವು ಸಲ ಬರುವುದು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಜೊತೆಗೆ. 1908, 2020, 2025 ಮೂರೂ ಹಾಗೆಯೇ.

ಏರಿಯ ಮೇಲೆ ಕುಳಿತು ಒಂದು ಲೆಕ್ಕ ಹಾಕಿದೆ. ಉಸ್ಮಾನ್ ಸಾಗರದ ಸಾಮರ್ಥ್ಯ ಸುಮಾರು 3.9 ಟಿಎಂಸಿ, ಹಿಮಾಯತ್ ಸಾಗರದ್ದು ಸುಮಾರು 2.97. ಎರಡೂ ಪೂರ್ತಿ ಖಾಲಿ ಇವೆ ಎಂದುಕೊಂಡರೂ 1908ರ ಗರಿಷ್ಠ ಹರಿವನ್ನು ಇಡಿಯಾಗಿ ಹಿಡಿದರೆ ನಾಲ್ಕೂವರೆ ಗಂಟೆಯಲ್ಲಿ ತುಂಬಿಬಿಡುತ್ತವೆ. ನೆರೆಯ ನೆತ್ತಿ ಎನ್ನುವುದು ಕೆಲವೇ ಗಂಟೆಗಳದ್ದು, ಹಾಗಾಗಿ ಆ ನಾಲ್ಕೂವರೆ ಗಂಟೆಗೆ ಸಾವಿರಾರು ಜೀವದ ಬೆಲೆಯಿದೆ. ಕೆರೆ ಅರ್ಧ ತುಂಬಿದ್ದರೆ ಎರಡು ಗಂಟೆ ಹದಿನೈದು ನಿಮಿಷ. ಕೋಡಿಮಟ್ಟಕ್ಕಿದ್ದರೆ ಏನೂ ಇಲ್ಲ, ಬಂದದ್ದನ್ನೆಲ್ಲ ಬಿಡಬೇಕು. ಬಿಡುವ ನೀರು ಬಸ್ ನಿಲ್ದಾಣಕ್ಕೇ ಹೋಗುವುದು.

ಇನ್ನೊಂದು ಸಂಗತಿಯೂ ಇದೆ. ಈ ಎರಡು ಅಣೆಗಳು ತಮ್ಮ ಮೇಲೆ ಬಿದ್ದ ಮಳೆಯನ್ನು ತಡೆಯಬಲ್ಲವು, ಕೆಳಗೆ ಬಿದ್ದದ್ದನ್ನಲ್ಲ. 2020ರ ಅಕ್ಟೋಬರ್ 13ರಂದು ಅತಿ ಹೆಚ್ಚು ಮಳೆ ಸುರಿದದ್ದು ನಗರದ ಪೂರ್ವಕ್ಕೆ, ಘಟ್ಕೇಸರ್ ಸುತ್ತಮುತ್ತ. ಅಲ್ಲಿ 32 ಸೆಂಟಿಮೀಟರ್, ಎಂದರೆ 1908ರಲ್ಲಿ ಶಂಶಾಬಾದಿನಲ್ಲಿ ಬಿದ್ದಷ್ಟೇ. ಅದಾದ ಕೆಲವೇ ದಿನಕ್ಕೆ ಹಳೇ ನಗರದ ಕಡೆ ಗುರ್ರಂ ಚೆರುವಿನ ಏರಿ ಒಡೆದು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಹಿಂದೆ ಹೊಲವಿದ್ದ ಕಡೆ ಈಗ ಕಾಂಕ್ರೀಟು, ಮಳೆ ಇಂಗುವುದಿಲ್ಲ. 1908ರಲ್ಲಿ ಊರು ಜಲಾನಯನದ ಕೆಳಗಿತ್ತು, ಈಗ ಊರೇ ಜಲಾನಯನ. ಇದಕ್ಕೆ ಉತ್ತರ ಇರುವುದು ನಾಲೆಗಳಲ್ಲಿ, ಅಂದರೆ ನಮ್ಮ ಬೆಂಗಳೂರಿನ ಮಾತಿನಲ್ಲಿ ರಾಜಕಾಲುವೆಗಳಲ್ಲಿ. 2000ದ ಆಗಸ್ಟ್ ನೆರೆಯ ನಂತರ ಕಿರ್ಲೋಸ್ಕರ್ ಕನ್ಸಲ್ಟೆಂಟ್ಸ್ ಇಲ್ಲಿನ ಮಳೆನೀರು ನಾಲೆಗಳನ್ನು ಅಧ್ಯಯನ ಮಾಡಿ 2003ರಲ್ಲಿ ವರದಿ ಕೊಟ್ಟಿತು. ನಾಲೆಗಳನ್ನು ಅಗಲಿಸಬೇಕು, ಒತ್ತುವರಿ ತೆರವು ಮಾಡಬೇಕು ಎಂದಿತ್ತು. ನಗರದ ಗಡಿ ಹಿಗ್ಗಿದ ಮೇಲೆ ವೋಯಂಟ್ಸ್ ಸೊಲ್ಯೂಷನ್ಸ್ ಹೊಸ ಭಾಗಗಳನ್ನು ಅಳೆಯಿತು. ಪ್ರತಿ ನೆರೆ ಬಂದಾಗಲೂ ಆ ವರದಿಗಳ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬರುತ್ತದೆ. ಒಂದು ಸಂಸ್ಥೆ ವರ್ಷಗಟ್ಟಲೆ ಅಳೆದು ಬರೆದದ್ದು ಹೆಚ್ಚಾಗಿ ಕಪಾಟಿನಲ್ಲೇ ಉಳಿಯುವುದನ್ನು ಕಂಡಾಗ ನನ್ನಂಥವನಿಗೆ ಆಗುವ ನೋವು ಬೇರೆಯೇ. ಲೆಕ್ಕ ಸರಿಯಿತ್ತು, ಜನ ಸಾಯಬೇಕಿರಲಿಲ್ಲ.

ಉಸ್ಮಾನ್ ಸಾಗರಕ್ಕೆ ಹೋದಾಗ ಸಂಜೆ. ಊರಿನವರು ಇದನ್ನು ಗಂಡಿಪೇಟ್ ಎನ್ನುತ್ತಾರೆ. ಗಂಡಿಪೇಟಿನ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗಲಾರರು ಎಂದು ಇಲ್ಲಿನವರ ಅಭಿಮಾನ. ಕೆರೆಯ ಆಚೆ ದಡದ ಹಿಂದೆ ಎತ್ತರದ ಕಟ್ಟಡಗಳು ಎದ್ದಿವೆ, ಕ್ರೇನುಗಳು ಇನ್ನೂ ತಿರುಗುತ್ತಿವೆ.

1996ರ ಮಾರ್ಚ್‌ನಲ್ಲಿ ಆಗಿನ ಆಂಧ್ರ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿತ್ತು. ಎರಡೂ ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಹೋಟೆಲು, ಬಡಾವಣೆ ಕಟ್ಟುವಂತಿಲ್ಲ ಎಂದು. ಒಂದು ಎಣ್ಣೆ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ 2000ದ ತೀರ್ಪಿನಲ್ಲಿ ಈ 10 ಕಿ.ಮೀ. ರಕ್ಷಣೆಯನ್ನು ಎತ್ತಿಹಿಡಿಯಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 69ನೇ ಸಂಖ್ಯೆಯ ಆದೇಶದಿಂದ ಆ ನಿರ್ಬಂಧಗಳನ್ನು ತೆಗೆಯಿತು. ಕೊಟ್ಟ ಕಾರಣ: ನಗರಕ್ಕೆ ಈಗ ಮಂಜೀರಾ, ಕೃಷ್ಣಾ, ಗೋದಾವರಿಗಳಿಂದ ನೀರು ಬರುತ್ತಿದೆ, ಈ ಎರಡು ಕೆರೆಗಳು ಕುಡಿಯುವ ನೀರಿನ ಮುಖ್ಯ ಮೂಲವಾಗಿ ಉಳಿದಿಲ್ಲ.

ಈ ಕಾರಣವನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಈ ಕೆರೆಗಳು ಹುಟ್ಟಿದ್ದು ನೆರೆಗೆ. ಹದಿನೈದು ಸಾವಿರ ಜನ ಸತ್ತ ಮೇಲೆ, ಇನ್ನೊಮ್ಮೆ ಹಾಗಾಗದಿರಲಿ ಎಂದು. ಕುಡಿಯುವ ನೀರು ಅದರ ಜೊತೆಗೆ ಸಿಕ್ಕ ಲಾಭ. ಕಾಲ ಕಳೆದಂತೆ ಲಾಭವೇ ಮುಖ್ಯ ಕೆಲಸವಾಯಿತು, ನೆರೆಯ ನೆನಪು ಹಿಂದೆ ಸರಿಯಿತು. ಕಾಪಾಡುವ ಆದೇಶ ಬಂದದ್ದೂ ಕುಡಿಯುವ ನೀರಿನ ಹೆಸರಿನಲ್ಲಿ. ಈಗ ಕುಡಿಯಲು ಬೇಡವಾದಾಗ ರಕ್ಷಣೆಯೂ ಬೇಡವಾಯಿತು. ಕೃಷ್ಣೆಯಿಂದ ಎಷ್ಟೇ ನೀರು ಪೈಪಿನಲ್ಲಿ ತಂದರೂ ಮೂಸಿಯ ನೆರೆ ಕಡಿಮೆಯಾಗುವುದಿಲ್ಲ. ಜಲಾನಯನದ 84 ಹಳ್ಳಿಗಳ ಹೊಲ, ಹುಲ್ಲುಗಾವಲು, ಸಣ್ಣ ಕೆರೆಗಳು ಮಳೆಯನ್ನು ಹಿಡಿದು ನಿಧಾನಕ್ಕೆ ಬಿಡುತ್ತಿದ್ದವು. ಅಲ್ಲಿ ಡಾಂಬರು, ಕಾಂಕ್ರೀಟು ಬಂದರೆ ಅದೇ ಮಳೆಗೆ ಹೆಚ್ಚು ನೀರು, ಬೇಗ ಬರುತ್ತದೆ, ಹೂಳೂ ಬರುತ್ತದೆ. ನಾನು ಲೆಕ್ಕ ಹಾಕಿದ ನಾಲ್ಕೂವರೆ ಗಂಟೆ ಇನ್ನೂ ಚಿಕ್ಕದಾಗುತ್ತದೆ. ವಿಶ್ವೇಶ್ವರಯ್ಯನವರ ವರದಿಯಲ್ಲಿ ಕಟ್ಟುವ ಭಾಗವನ್ನು ನಾವು ಒಪ್ಪಿದೆವು. ಖಾಲಿ ಬಿಡುವ ಭಾಗವನ್ನು, ಅಂದರೆ ಮೇಲಿನ ನೆಲ ಮತ್ತು ನೀರಿನ ಜಾಗ ಹಾಗೆಯೇ ಇರಬೇಕೆಂಬ ಅದರ ಬುನಾದಿಯನ್ನು, ಕೈಬಿಡುತ್ತಿದ್ದೇವೆ.

ಇದನ್ನು ಹೈದರಾಬಾದಿನ ಮೇಲಷ್ಟೇ ಹೊರಿಸಿ ನಾನು ಬೆಂಗಳೂರಿಗೆ ಹಿಂತಿರುಗಲಾರೆ. ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಕಾಪಾಡಲು ಕರ್ನಾಟಕ ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತ್ತು. 2019ರಲ್ಲಿ ಅದನ್ನು ಸಡಿಲಿಸಿತು. ಅಲ್ಲಿಯೂ ವಾದ ಹೆಚ್ಚುಕಡಿಮೆ ಇದೇ: ಕಾವೇರಿ ನೀರು ಬಂದಿದೆಯಲ್ಲ.

ಮರುದಿನ ವಿಕಾರಾಬಾದಿನ ಅನಂತಗಿರಿ ಬೆಟ್ಟಕ್ಕೆ ಹೋದೆ. ಅನಂತ ಪದ್ಮನಾಭಸ್ವಾಮಿ ದೇವಾಲಯದ ಸುತ್ತ ದಟ್ಟ ಕಾಡು, ಕೆಂಪು ಮಣ್ಣು. ಮೂಸಿ ಹುಟ್ಟುವುದು ಇಲ್ಲಿ. ಒಂದು ಸಣ್ಣ ತೊರೆ, ದಾಟಿದರೆ ಪಾದ ಮಾತ್ರ ನೆನೆಯುತ್ತದೆ. ನೀರು ತಿಳಿಯಾಗಿತ್ತು, ಬೊಗಸೆಯಲ್ಲಿ ಹಿಡಿದು ಕುಡಿದೆ. ಇಲ್ಲಿಂದ ಪೂರ್ವಕ್ಕೆ ಹರಿದರೆ ಮೂಸಿ, ಹೈದರಾಬಾದ್ ದಾಟಿ ವಾಡಪಲ್ಲಿಯಲ್ಲಿ ಕೃಷ್ಣೆಗೆ. ಇದೇ ಬೆಟ್ಟಸೀಮೆಯಿಂದ ಪಶ್ಚಿಮಕ್ಕೆ ಹರಿಯುವ ನೀರು ಕಾಗಿಣಾ ಆಗಿ ತಾಂಡೂರು ದಾಟಿ, ಸೇಡಂ, ಮಳಖೇಡ ಮುಟ್ಟಿ ಭೀಮೆಗೆ ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಒಂದೇ ವಾಯುಭಾರ ಕುಸಿತ ಎರಡನ್ನೂ ತುಂಬಿಸಿತು. ಹೈದರಾಬಾದಿನಲ್ಲಿ ಬಡಾವಣೆಗಳು ಮುಳುಗಿದ ವಾರವೇ ಮಳಖೇಡದ ಉತ್ತರಾದಿ ಮಠದೊಳಕ್ಕೆ ಕಾಗಿಣೆಯ ನೀರು ಬಂದಿತ್ತು. ಆಸ್ಪತ್ರೆಯ ಹುಣಸೆಮರದ ಕೆಳಗೆ ಕಂಡ ಕಾಕಾ ಹೇಳಿದ ನೆರೆ ಅದೇ.

ಮುತ್ಯಾನ ಮಾತಿಗೆ ಕಾನೂನಿನ ಬಲ ಕೊಡುವ ಪ್ರಯತ್ನ ದೇಶದಲ್ಲಿ ನಡೆದಿಲ್ಲವೆಂದಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ನೆರೆಬಯಲುಗಳನ್ನು ವಲಯಗಳಾಗಿ ಗುರುತಿಸುವ ಮಾದರಿ ಮಸೂದೆ ಸಿದ್ಧಪಡಿಸಿ ಎಲ್ಲ ರಾಜ್ಯಗಳಿಗೆ ಕಳಿಸಿತು. ಪದೇಪದೇ ಮುಳುಗುವ ನೆಲ ಬಯಲಾಗಿ, ಹೊಲವಾಗಿ, ಆಟದ ಮೈದಾನವಾಗಿ ಇರಲಿ, ಅಪರೂಪಕ್ಕೆ ಮುಳುಗುವಲ್ಲಿ ಎತ್ತರಿಸಿದ ಮನೆಗಳಿರಲಿ, ಆಸ್ಪತ್ರೆ, ವಿದ್ಯುತ್ ಕೇಂದ್ರಗಳು ಇನ್ನೂ ಮೇಲಿರಲಿ ಎಂಬುದು ಅದರ ಸಾರ. ಯಾರ ಜಮೀನನ್ನೂ ಕಸಿಯುವುದು ಅದರಲ್ಲಿಲ್ಲ. ಎಲ್ಲಿ ಏನು ಕಟ್ಟಬಹುದು ಎಂದು ಮೊದಲೇ ಹೇಳುವುದಿದೆ. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು-ಕಾಶ್ಮೀರ ರಾಜ್ಯ ಇಂಥ ಕಾನೂನು ಮಾಡಿದವು. ಕೃಷ್ಣಾ, ಭೀಮಾ, ಮಲಪ್ರಭಾ, ತುಂಗಭದ್ರೆಗಳಿರುವ, 2009ರಲ್ಲೂ 2019ರಲ್ಲೂ ಸಾವಿರಾರು ಕುಟುಂಬ ಮನೆ ಕಳೆದುಕೊಂಡ ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ನೀವು ನದಿ, ಕೆರೆ, ರಾಜಕಾಲುವೆ ಹತ್ತಿರದ ಊರಿನವರಾಗಿದ್ದರೆ ಒಂದು ಕೆಲಸ ಮಾಡಿ. ನಿಮ್ಮೂರಿನ ಹಿರಿಯರನ್ನು ಕೇಳಿ, ನೀರು ಎಲ್ಲಿಯತನಕ ಬಂದಿತ್ತೆಂದು. ಆ ಜಾಗವನ್ನು ಗುಡಿಯ ಗೋಡೆಯ ಮೇಲೋ ಶಾಲೆಯ ಕಂಬದ ಮೇಲೋ ಬಣ್ಣದಲ್ಲಿ ಗುರುತು ಹಾಕಿ, ವರ್ಷ ಬರೆಯಿರಿ. ಸೈಟು ಕೊಳ್ಳುವ ಮೊದಲು ನೆರೆ ನಕ್ಷೆ ತೋರಿಸಿ ಎಂದು ಪಂಚಾಯಿತಿಯನ್ನೋ ನಗರಸಭೆಯನ್ನೋ ಕೇಳಿ. ನಕ್ಷೆ ಇಲ್ಲವೆಂದರೆ ಯಾಕಿಲ್ಲವೆಂದು ಬರವಣಿಗೆಯಲ್ಲಿ ಕೇಳಿ. ನಕ್ಷೆ ಮಾಡಲು ನಮ್ಮಂಥ ಸಂಸ್ಥೆಗಳು ರಾಜ್ಯದಲ್ಲಿ ಹಲವಿವೆ. ಅದಕ್ಕೆ ಬಲ ಕೊಡುವ ಕಾನೂನನ್ನು ಮಾತ್ರ ನಮ್ಮ ವಿಧಾನಸಭೆಯೇ ಮಾಡಬೇಕು.